ಡಾಕ್ಟರ್ ಕೇಳಲ್ಲ, ಹುಡುಗಿ ಹೇಳಲ್ಲ: ಸಿಗರೇಟು ಹೆಣ್ಣಿನ ಒಡಲಿಗೆ ಮಾಡುವುದೇನು?

ಬೆಂಗಳೂರಿನಲ್ಲಿ ಸಿಗರೇಟು ಸೇದುವ ಹುಡುಗಿಯರ ಬಗ್ಗೆ ಎರಡೇ ಥರದ ಮಾತು ಕಿವಿಗೆ ಬೀಳುತ್ತದೆ. ‘ಕಾಲ ಕೆಟ್ಟೋಯ್ತು ನೋಡಿ’ ಅನ್ನುವುದು ಒಂದು. ‘ಗಂಡಸರು ಸೇದಬಹುದು, ಹೆಂಗಸರು ಸೇದಬಾರದಾ? ಅವಳಿಷ್ಟ ಬಿಡಿ’ ಅನ್ನುವುದು ಇನ್ನೊಂದು. ಮೊದಲನೆಯದು ಹಳೇ ರಾಗ. ಎರಡನೆಯದು ನ್ಯಾಯವಾದ ಮಾತೇ. ಆದರೆ ಇಬ್ಬರೂ ಜಗಳ ಆಡುತ್ತಿರುವುದು ನಡತೆಯ ಬಗ್ಗೆ. ಆ ಹೊಗೆ ಒಳಗೆ ಹೋಗಿ ಏನು ಮಾಡುತ್ತದೆ ಅನ್ನುವ ಮಾತು ಈ ಗಲಾಟೆಯಲ್ಲಿ ಎಲ್ಲೋ ಕಳೆದುಹೋಗುತ್ತದೆ.

ಬೈಗುಳಕ್ಕೆ ಹೆದರಿ ಹುಡುಗಿ ವಿಷಯ ಮುಚ್ಚಿಡುತ್ತಾಳೆ. ಮನೆಯವರಿಂದ ಮುಚ್ಚಿಟ್ಟರೆ ಅದು ಅವಳಿಗೆ ಬಿಟ್ಟಿದ್ದು. ಡಾಕ್ಟರಿಂದಲೂ ಮುಚ್ಚಿಟ್ಟರೆ ಚಿಕಿತ್ಸೆಯ ಲೆಕ್ಕವೇ ತಪ್ಪಬಹುದು. ಗಂಡಸು ಎದೆನೋವು ಅಂತ ಹೋದರೆ ‘ಸಿಗರೇಟ್ ಅಭ್ಯಾಸ ಇದೆಯಾ?’ ಅಂತ ಕೇಳಿಯೇ ಕೇಳುತ್ತಾರೆ. ಇಪ್ಪತ್ನಾಲ್ಕರ ಹುಡುಗಿ ಮುಟ್ಟು ಸರಿಯಾಗಿ ಆಗುತ್ತಿಲ್ಲ ಅಂತ ಹೋದರೆ ಮದುವೆ ಆಗಿದೆಯಾ, ತೂಕ ಎಷ್ಟು, ನಿದ್ದೆ ಹೇಗೆ ಅಂತ ಕೇಳುತ್ತಾರೆ. ಸಿಗರೇಟಿನ ಪ್ರಶ್ನೆ ಬರುವುದು ಕಡಿಮೆ. ಬಂದರೂ ಪಕ್ಕದ ಕುರ್ಚಿಯಲ್ಲಿ ಅಮ್ಮ ಕೂತಿರುತ್ತಾರೆ. ಇನ್ನೇನು ಉತ್ತರ ಬಂದೀತು?

ಅಂಕಿಅಂಶ ನೋಡಿದರೆ ಇದು ದೊಡ್ಡ ಸಮಸ್ಯೆಯೇ ಅಲ್ಲ ಅನ್ನಿಸಬಹುದು. ವಯಸ್ಕರ ತಂಬಾಕು ಬಳಕೆಯ ರಾಷ್ಟ್ರೀಯ ಸಮೀಕ್ಷೆ 2009-10ರಲ್ಲಿ ನಡೆದಾಗ ದೇಶದ ಹೆಂಗಸರಲ್ಲಿ ಧೂಮಪಾನಿಗಳು ಶೇ 2.9ರಷ್ಟಿದ್ದರು. 2016-17ರಲ್ಲಿ ಅದು ಶೇ 2ಕ್ಕೆ ಇಳಿಯಿತು. ಗಂಡಸರದು ಶೇ 19. ಆದರೆ ಇದು ಇಡೀ ದೇಶದ, ಎಲ್ಲ ವಯಸ್ಸಿನ ಸರಾಸರಿ. ಬೀಡಿ, ಚುಟ್ಟಾ ಸೇದುವ ಹಳೇ ತಲೆಮಾರಿನ ಅಜ್ಜಿಯರೂ ಇದರಲ್ಲಿ ಸೇರಿದ್ದಾರೆ. ಹೊರ ವರ್ತುಲ ರಸ್ತೆಯ ಟೆಕ್ ಪಾರ್ಕಿನ ಗೇಟಿನಾಚೆ, ಚಹಾ ಗಾಡಿಯ ಪಕ್ಕ ನಿಂತಿರುವ ಹುಡುಗಿಯರು ಈ ಶೇ 2ರೊಳಗೆ ಎಷ್ಟು ಜನ ಅಂತ ಅದು ಹೇಳುವುದಿಲ್ಲ. ಅಲ್ಲದೆ ಇದು ಮನೆಮನೆಗೆ ಹೋಗಿ ಮಾಡುವ ಸಮೀಕ್ಷೆ. ಮನೆಯವರು ಆಚೀಚೆ ಓಡಾಡುತ್ತಿರುವಾಗ ‘ಹೌದು, ಸೇದ್ತೀನಿ’ ಅನ್ನುವ ಹುಡುಗಿಯರು ಎಷ್ಟು ಮಂದಿ ಸಿಗುತ್ತಾರೆ? ಹಾಗಂತ ‘ಬೆಂಗಳೂರಿನ ಹುಡುಗಿಯರೆಲ್ಲ ಸೇದುತ್ತಾರೆ’ ಅನ್ನುವ ಟೀವಿ ಚರ್ಚೆಯ ಕೂಗನ್ನೂ ನಂಬಬೇಕಿಲ್ಲ.

ಈಗ ದೇಹದ ಕಡೆ ಬರೋಣ. ಮೊದಲು ಅಂಡಾಶಯ.

ಗಂಡಸಿನ ದೇಹ ದಿನವೂ ಹೊಸ ವೀರ್ಯಾಣು ತಯಾರಿಸುತ್ತದೆ. ಹೆಣ್ಣಿನದು ಹಾಗಲ್ಲ. ಹುಟ್ಟುವಾಗಲೇ ಅವಳ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಾಣುಗಳು ಇರುತ್ತವೆ. ಮೈನೆರೆಯುವ ಹೊತ್ತಿಗೆ ಉಳಿಯುವುದು ಮೂರು–ನಾಲ್ಕು ಲಕ್ಷ. ಜೀವಮಾನದಲ್ಲಿ ತಿಂಗಳಿಗೊಂದರಂತೆ ಬಲಿತು ಹೊರಬರುವುದು 400–500 ಮಾತ್ರ. ಉಳಿದವು ತಾವಾಗಿಯೇ ಸಾಯುತ್ತವೆ. ಸಿಗರೇಟು ಈ ಸಾಯುವ ವೇಗವನ್ನು ಹೆಚ್ಚಿಸುತ್ತದೆ. ಹೊಗೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅದರಲ್ಲಿ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್ ಅನ್ನುವ ಗುಂಪೊಂದಿದೆ. ಎಲೆಯಾಗಲಿ, ಕಟ್ಟಿಗೆಯಾಗಲಿ, ಡೀಸೆಲ್ ಆಗಲಿ, ಅರೆಬರೆ ಉರಿದಾಗ ಹುಟ್ಟುವ ವಿಷ ಇದು. ಈ ರಾಸಾಯನಿಕ ಅಂಡಾಣುವಿನೊಳಗೆ ಹೋಗಿ, ಜೀವಕೋಶ ತನ್ನನ್ನು ತಾನೇ ಕೊಂದುಕೊಳ್ಳುವ ಜೀನನ್ನು ಚಾಲೂ ಮಾಡುತ್ತದೆ ಅಂತ ಇಲಿಗಳ ಮೇಲಿನ ಪ್ರಯೋಗ 2001ರಲ್ಲೇ ತೋರಿಸಿತ್ತು.

ಮನುಷ್ಯರಲ್ಲೂ ಸುಳಿವುಗಳು ಸಾಕಷ್ಟಿವೆ. ಸಿಗರೇಟು ಸೇದುವವರಲ್ಲಿ ಅಂಡಾಣುವಿನ ಸುತ್ತ ಇರುವ ದ್ರವವನ್ನು ತೆಗೆದು ಪರೀಕ್ಷಿಸಿದಾಗ ಅದರಲ್ಲಿ ಕೊಟಿನಿನ್ ಸಿಕ್ಕಿದೆ. ದೇಹ ನಿಕೋಟಿನ್ನನ್ನು ಒಡೆದಾಗ ಉಳಿಯುವ ಪದಾರ್ಥ ಅದು. ಕ್ಯಾಡ್ಮಿಯಂ ಲೋಹವೂ ಸಿಕ್ಕಿದೆ. ಅಂದರೆ ಶ್ವಾಸಕೋಶಕ್ಕೆ ಎಳೆದ ಹೊಗೆ ಅಲ್ಲಿಗೇ ನಿಲ್ಲುವುದಿಲ್ಲ. ರಕ್ತದ ಜೊತೆ ಅಂಡಾಶಯದೊಳಕ್ಕೂ ಹೋಗುತ್ತದೆ. ಇದರ ಪರಿಣಾಮ ಕೊನೆಯಲ್ಲಿ ಕಾಣುವುದು ಮುಟ್ಟು ನಿಲ್ಲುವ ವಯಸ್ಸಿನಲ್ಲಿ. ಸೇದುವವರಿಗೆ ಉಳಿದವರಿಗಿಂತ ಒಂದರಿಂದ ನಾಲ್ಕು ವರ್ಷ ಮೊದಲೇ ಮುಟ್ಟು ನಿಲ್ಲುತ್ತದೆ.

‘ನಲವತ್ತೈದರಲ್ಲಿ ನಿಲ್ಲೋದು ನಲವತ್ತಮೂರರಲ್ಲಿ ನಿಂತರೆ ನನಗೇನಂತೆ? ತಲೆನೋವು ತಪ್ಪಿತು’ ಅಂತ ಇಪ್ಪತ್ತೈದರ ಹುಡುಗಿ ಕೇಳಬಹುದು. ಇಲ್ಲಿ ಎರಡು ವಿಷಯ ಇದೆ. ಮುಟ್ಟು ನಿಲ್ಲುವುದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಬಸಿರಾಗುವ ಸಾಧ್ಯತೆ ಜೋರಾಗಿ ಇಳಿಯಲು ಶುರುವಾಗುತ್ತದೆ. ಕೊನೆಯ ದಿನಾಂಕ ಹಿಂದಕ್ಕೆ ಬಂದರೆ ಈ ಇಳಿಕೆಯೂ ಹಿಂದಕ್ಕೆ ಬರುತ್ತದೆ. ಇನ್ನೊಂದು, ಪಾಶ್ಚಾತ್ಯ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51. ನಮ್ಮಲ್ಲಿ ಅದು 46–47ರ ಆಸುಪಾಸು. ಅಂದರೆ ನಮ್ಮ ಹೆಂಗಸರಿಗೆ ಸಮಯ ಮೊದಲೇ ಕಡಿಮೆ. ಅದರಲ್ಲಿ ಇನ್ನೆರಡು ವರ್ಷ ಕಳೆದರೆ ಪೆಟ್ಟು ಅಲ್ಲಿಯವರಿಗಿಂತ ಜಾಸ್ತಿಯೇ.

ಬೆಂಗಳೂರಿಗೆ ಇದು ಬೇರೆ ರೀತಿಯಲ್ಲಿ ತಾಗುತ್ತದೆ. ಓದು ಮುಗಿದು, ಕೆಲಸ ಸಿಕ್ಕಿ, ಒಂದೆರಡು ಕಂಪನಿ ಬದಲಾಯಿಸಿ, ಮನೆ ಸಾಲ ತೀರುವ ದಾರಿ ಕಾಣುವ ಹೊತ್ತಿಗೆ ಮೂವತ್ತು ದಾಟಿರುತ್ತದೆ. ಮಗು ಆಮೇಲೆ ಅಂತ ಮುಂದೂಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಮಗುವನ್ನು ಮುಂದೂಡುವ ವರ್ಷಗಳೂ ಸಿಗರೇಟು ಸೇದುವ ವರ್ಷಗಳೂ ಒಂದೇ ಆಗಿಬಿಟ್ಟಿವೆ. ಕಚೇರಿಯ ಒತ್ತಡ, ಪಿಜಿಯ ಒಂಟಿತನ, ರಾತ್ರಿ ಪಾಳಿ, ಸುಟ್ಟಾ ಬ್ರೇಕಿನಲ್ಲಿ ಸಿಗುವ ಗೆಳೆತನ ಎಲ್ಲವೂ ಇಪ್ಪತ್ತೆರಡರಿಂದ ಮೂವತ್ತೆರಡರ ಒಳಗೇ. (ಮ್ಯಾನೇಜರ್ ಜೊತೆ ನಾಲ್ಕು ಮಾತು ಆಡಲು ಸಿಗರೇಟಿನ ಮೂಲೆಯೇ ಜಾಗ ಆಗಿರುವ ಕಚೇರಿಗಳಲ್ಲಿ, ಸೇದದವರಿಗೆ ಬಡ್ತಿಯ ಸುದ್ದಿಯೂ ತಡವಾಗಿ ಬರುತ್ತದೆ. ಇದು ತಮಾಷೆಯಲ್ಲ.)

‘ಎಗ್ ಫ್ರೀಜ್ ಮಾಡಿಸಿದರೆ ಆಯಿತಲ್ಲ’ ಅನ್ನುವ ಮಾತೂ ಈಗ ಕೇಳಿಬರುತ್ತದೆ. ಊರ ತುಂಬ ಫರ್ಟಿಲಿಟಿ ಸೆಂಟರುಗಳ ಫಲಕಗಳಿವೆ. 2021ರ ಕಾಯ್ದೆ ಬಂದ ಮೇಲೆ ಈ ಕ್ಷೇತ್ರಕ್ಕೆ ನಿಯಮಗಳೂ ಬಂದಿವೆ. ಆದರೆ ಫ್ರೀಜ್ ಮಾಡಲು ಮೊದಲು ಅಂಡಾಣು ಸಿಗಬೇಕಲ್ವಾ? ಚುಚ್ಚುಮದ್ದು ಕೊಟ್ಟು ಅಂಡಾಶಯವನ್ನು ಪ್ರಚೋದಿಸಿದಾಗ ಸೇದುವವರಲ್ಲಿ ಸಿಗುವ ಅಂಡಾಣುಗಳ ಸಂಖ್ಯೆ ಕಡಿಮೆ, ಬೇಕಾಗುವ ಔಷಧಿ ಜಾಸ್ತಿ. ಅಮೆರಿಕನ್ ಸೊಸೈಟಿ ಫಾರ್ ರಿಪ್ರೊಡಕ್ಟಿವ್ ಮೆಡಿಸಿನ್ ಹೇಳುವ ಪ್ರಕಾರ, ಬಸಿರಾಗಲು ಸೇದುವವರಿಗೆ ಉಳಿದವರ ಸುಮಾರು ಎರಡರಷ್ಟು ಐವಿಎಫ್ (ಅಂಡಾಣುವನ್ನು ದೇಹದ ಹೊರಗೆ ಫಲಿತಗೊಳಿಸುವ ಚಿಕಿತ್ಸೆ) ಪ್ರಯತ್ನ ಬೇಕಾಗುತ್ತದೆ. ಒಂದೊಂದು ಪ್ರಯತ್ನಕ್ಕೂ ಲಕ್ಷದ ಮೇಲೆ ಖರ್ಚಾಗುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಅಂಡಾಶಯದಿಂದ ಹೊರಬಂದ ಅಂಡಾಣು ಗರ್ಭಕೋಶ ಸೇರಬೇಕಾದರೆ ಅಂಡನಾಳದ ಮೂಲಕ ಹೋಗಬೇಕು. ಅದಕ್ಕೆ ತಾನೇ ಈಜಲು ಬರುವುದಿಲ್ಲ. ನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ಗಾಳಿಗೆ ರಾಗಿ ಹೊಲ ಓಲಾಡುವ ಹಾಗೆ ಅವು ಒಂದೇ ದಿಕ್ಕಿಗೆ ಓಲಾಡುತ್ತ ಅಂಡಾಣುವನ್ನು ಮುಂದಕ್ಕೆ ತಳ್ಳುತ್ತವೆ. ಹೊಗೆಯ ರಾಸಾಯನಿಕಗಳು ಈ ಓಲಾಟವನ್ನೂ ನಾಳದ ಸ್ನಾಯುಗಳ ಚಲನೆಯನ್ನೂ ಕೆಡಿಸುತ್ತವೆ. ಫಲಿತ ಅಂಡ ನಾಳದಲ್ಲೇ ಸಿಕ್ಕಿಕೊಂಡು ಅಲ್ಲೇ ಬೆಳೆಯತೊಡಗಿದರೆ ಅದನ್ನು ‘ಟ್ಯೂಬಲ್ ಪ್ರೆಗ್ನೆನ್ಸಿ’ ಅನ್ನುತ್ತಾರೆ. ಆ ಬಸಿರು ಉಳಿಯುವುದಿಲ್ಲ. ನಾಳ ಒಡೆದರೆ ತಾಯಿಯ ಜೀವಕ್ಕೇ ಅಪಾಯ. ಸೇದುವವರಲ್ಲಿ ಈ ಅಪಾಯ ಸುಮಾರು ಎರಡು ಪಟ್ಟು. ಮುಟ್ಟು ತಪ್ಪಿದ ಮೇಲೆ ಹೊಟ್ಟೆಯ ಒಂದು ಬದಿಗೆ ವಿಪರೀತ ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಬಂದರೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಮಲಗಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಇಲ್ಲಿಯತನಕ ಹೇಳಿದ್ದೆಲ್ಲ ಮಗುವಿನ ಸುತ್ತಲೇ ಆಯಿತು. ಧೂಮಪಾನದ ವಿರುದ್ಧದ ಪ್ರಚಾರವೂ ಹೆಂಗಸರ ಹತ್ತಿರ ಮಾತಾಡುವುದು ಹೀಗೇ: ‘ನೀವು ಮುಂದೆ ತಾಯಿ ಆಗಬೇಕಾದವರು.’ ಮಗು ಬೇಡ ಅಂತ ತೀರ್ಮಾನಿಸಿದವಳು ಇದನ್ನು ಕೇಳಿ ಪಕ್ಕಕ್ಕೆ ಸರಿಸುತ್ತಾಳೆ. ನನಗೆ ಈ ಪ್ರಚಾರದ ಧಾಟಿಯೇ ಇಷ್ಟವಾಗುವುದಿಲ್ಲ. ಅಂಡಾಶಯ, ಗರ್ಭಕೋಶ ಇರುವುದು ಹೆರುವುದಕ್ಕೆ ಮಾತ್ರವಲ್ಲ. ಅವಳ ಮೂಳೆಯ ಗಟ್ಟಿತನಕ್ಕೂ ಹೃದಯಕ್ಕೂ ಅಂಡಾಶಯದ ಈಸ್ಟ್ರೋಜನ್ ಹಾರ್ಮೋನ್ ಬೇಕು. ಅದು ಬೇಗ ನಿಂತರೆ ಮೂಳೆ ಸವೆತವೂ ಬೇಗ. ಸೇದುವವರಿಗೆ ಮುಟ್ಟಿನ ಹೊಟ್ಟೆನೋವು ಜಾಸ್ತಿ ಅನ್ನುವುದೂ ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ತಿಂಗಳು ತಿಂಗಳೂ ರಜೆ ಕೇಳಲು ಮುಜುಗರಪಡುವ ಹುಡುಗಿಗೆ ‘ಮುಂದೆ ತಾಯಿ’ ಅನ್ನುವ ಉಪದೇಶಕ್ಕಿಂತ ಇದು ಹತ್ತಿರದ ವಿಷಯ.

ಇದಕ್ಕಿಂತ ಗಂಭೀರವಾದದ್ದು ಗರ್ಭಕೋಶದ ಬಾಯಿಯ ಕ್ಯಾನ್ಸರ್. ಭಾರತದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಹೆಚ್ಚಾಗಿ ಕಾಣುವುದು ಇದೇ. ಇದಕ್ಕೆ ಮೂಲ ಕಾರಣ ಎಚ್‌ಪಿವಿ ವೈರಸ್. ಲೈಂಗಿಕ ಸಂಪರ್ಕ ಇರುವ ಬಹುತೇಕ ಎಲ್ಲರಿಗೂ ಇದು ಯಾವಾಗಲೋ ಒಮ್ಮೆ ತಗಲುತ್ತದೆ. ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಓಡಿಸುತ್ತದೆ. ಸಿಗರೇಟು ಈ ಓಡಿಸುವ ಶಕ್ತಿಯನ್ನು ಕುಗ್ಗಿಸುತ್ತದೆ. ಗರ್ಭಕೋಶದ ಬಾಯಿಯ ಲೋಳೆಯಲ್ಲೇ ನಿಕೋಟಿನ್ ಪತ್ತೆಯಾಗಿದೆ. ವೈರಸ್ ಹೋಗದೆ ಅಲ್ಲೇ ಬೀಡುಬಿಟ್ಟರೆ ಜೀವಕೋಶಗಳು ವರ್ಷಗಳ ಮೇಲೆ ಕ್ಯಾನ್ಸರ್ ಕಡೆಗೆ ತಿರುಗಬಹುದು. ಎಚ್‌ಪಿವಿ ಲಸಿಕೆ, ಮೂವತ್ತರ ನಂತರದ ತಪಾಸಣೆ ಎಲ್ಲರಿಗೂ ಬೇಕು. ಸೇದುವವರಂತೂ ‘ಆಮೇಲೆ ನೋಡೋಣ’ ಅನ್ನಲೇಬಾರದು. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲೂ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೂ ಗರ್ಭಕೋಶದ ಬಾಯಿಯ ಜೀವಕೋಶ ತೆಗೆದು ನೋಡುವ ಪ್ಯಾಪ್ ಪರೀಕ್ಷೆ ಮಾಡುತ್ತಾರೆ. ನಿಮಿಷಗಳ ಕೆಲಸ ಅದು.

ಡಾಕ್ಟರ್ ಹತ್ತಿರ ಸುಳ್ಳು ಹೇಳುವುದು ನಿಜಕ್ಕೂ ದುಬಾರಿಯಾಗುವುದು ಮಾತ್ರೆಯ ವಿಷಯದಲ್ಲಿ. ಗರ್ಭ ನಿಲ್ಲದಂತೆ ದಿನವೂ ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಹೆಚ್ಚಿನವು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡೂ ಹಾರ್ಮೋನ್ ಸೇರಿದಂಥವು. ಇವನ್ನು ಗರ್ಭನಿರೋಧಕ್ಕೆ ಮಾತ್ರ ಕೊಡುವುದಲ್ಲ. ಪಿಸಿಓಡಿಗೆ (ಅಂಡಾಶಯದ ಹಾರ್ಮೋನ್ ಏರುಪೇರು), ಮೊಡವೆಗೆ, ಅಡ್ಡಾದಿಡ್ಡಿ ಮುಟ್ಟಿಗೆ ಅಂತಲೂ ಕೊಡುತ್ತಾರೆ. ಬೆಂಗಳೂರಿನ ಎಷ್ಟೋ ಹುಡುಗಿಯರು ತಾವು ನುಂಗುತ್ತಿರುವುದು ಅದೇ ಮಾತ್ರೆ ಅಂತ ತಿಳಿಯದೆಯೇ ತಿಂಗಳುಗಟ್ಟಲೆ ನುಂಗಿರುತ್ತಾರೆ. ಹಳೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ಮತ್ತೆ ಮತ್ತೆ ತರುವವರೂ ಇದ್ದಾರೆ. ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಗುಣವನ್ನು ಸ್ವಲ್ಪ ಹೆಚ್ಚಿಸುತ್ತದೆ. ಸಿಗರೇಟು ರಕ್ತನಾಳದ ಒಳಗೋಡೆಯನ್ನು ಹಾಳು ಮಾಡುತ್ತದೆ. ಎರಡೂ ಸೇರಿದರೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ನಿಯಮ ಹೀಗಿದೆ: 35 ತುಂಬಿದವರು ದಿನಕ್ಕೆ 15 ಅಥವಾ ಅದಕ್ಕಿಂತ ಹೆಚ್ಚು ಸೇದುತ್ತಿದ್ದರೆ ಈ ಮಾತ್ರೆ ಕೊಡಲೇಬಾರದು. 15ಕ್ಕಿಂತ ಕಡಿಮೆ ಇದ್ದರೂ ಸಾಮಾನ್ಯವಾಗಿ ಕೊಡಬಾರದು. 35ರ ಒಳಗಿನವರಿಗೆ ಅಷ್ಟು ಬಿಗಿ ಇಲ್ಲ. ಆದರೆ ಕಣ್ಣ ಮುಂದೆ ಬೆಳಕಿನ ಗೆರೆ ಕುಣಿದು ಆಮೇಲೆ ಬರುವ ಮೈಗ್ರೇನ್ ಇದ್ದರೆ, ಸೇದಲಿ ಬಿಡಲಿ, ಯಾವ ವಯಸ್ಸಿನವರಿಗೂ ಈ ಮಾತ್ರೆ ಬೇಡ.

ಇದಕ್ಕೆ ಪರಿಹಾರ ಇಲ್ಲ ಅಂತೇನಿಲ್ಲ. ಕಾಪರ್-ಟಿ ಇದೆ, ಪ್ರೊಜೆಸ್ಟಿನ್ ಮಾತ್ರ ಇರುವ ಗುಳಿಗೆ ಇದೆ, ಕಾಂಡೋಮ್ ಇದೆ. ಸಂಪರ್ಕವಾದ 72 ಗಂಟೆಯೊಳಗೆ ನುಂಗುವ ತುರ್ತು ಮಾತ್ರೆಯಲ್ಲೂ ಈಸ್ಟ್ರೋಜನ್ ಇರುವುದಿಲ್ಲ, ಹಾಗಾಗಿ ಸಿಗರೇಟಿನ ಕಾರಣಕ್ಕೆ ಅದಕ್ಕೆ ಹೆದರಬೇಕಿಲ್ಲ. ಬದಲಿ ಆರಿಸಿಕೊಡಲು ಡಾಕ್ಟರಿಗೆ ಸತ್ಯ ಗೊತ್ತಿರಬೇಕು, ಅಷ್ಟೇ. ‘ಒಂದು ನಿಮಿಷ ಒಬ್ಬಳೇ ಮಾತಾಡಬೇಕು’ ಅಂತ ಹುಡುಗಿ ಕೇಳಬಹುದು. ಅದಕ್ಕಿಂತ ಒಳ್ಳೆಯದು, ಡಾಕ್ಟರೇ ‘ಅಮ್ಮ, ನೀವು ಸ್ವಲ್ಪ ಹೊರಗಿರಿ’ ಅನ್ನುವುದು. ವಯಸ್ಕಳು ಒಪ್ಪದೆ ಅವಳ ವಿಷಯವನ್ನು ತಾಯಿಗೂ ಗಂಡನಿಗೂ ಹೇಳುವ ಹಕ್ಕು ಡಾಕ್ಟರಿಗೆ ಇಲ್ಲ.

ಬಸಿರಿನ ಸಮಯದ ಅಪಾಯಗಳು ಸಾಕಷ್ಟು ಜನಕ್ಕೆ ಗೊತ್ತಿರುವಂಥವೇ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಮಗುವಿಗೆ ಉಸಿರು ಸಾಲುವುದಿಲ್ಲ. ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ಮಾಸು ಮೊದಲೇ ಕಳಚಿಕೊಳ್ಳುವುದು, ಮಗುವಿನ ತೂಕ ಸರಾಸರಿ 200 ಗ್ರಾಂನಷ್ಟು ಕಡಿಮೆಯಾಗುವುದು ಎಲ್ಲವೂ ಈ ಪಟ್ಟಿಯಲ್ಲಿವೆ. ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಒಳ್ಳೆಯ ಸುದ್ದಿಯೂ ಇದೆ. ಬಸಿರಿನ 15 ವಾರದೊಳಗೆ ಪೂರ್ತಿ ಬಿಟ್ಟವರಲ್ಲಿ ಅವಧಿಗೆ ಮುಂಚಿನ ಹೆರಿಗೆ ಮತ್ತು ಸಣ್ಣ ಮಗುವಿನ ಪ್ರಮಾಣ ಸೇದದವರಷ್ಟೇ ಇತ್ತು ಅಂತ ನ್ಯೂಜಿಲೆಂಡ್–ಆಸ್ಟ್ರೇಲಿಯಾದ ಅಧ್ಯಯನವೊಂದು 2009ರಲ್ಲಿ ತೋರಿಸಿದೆ. ಗೊತ್ತಿಲ್ಲದೆ ಮೊದಲ ಎರಡು ತಿಂಗಳು ಸೇದಿಬಿಟ್ಟೆ ಅಂತ ಕೊರಗುವವರಿಗೆ ಇದನ್ನು ಹೇಳಬೇಕು.

‘ನಾನು ದಿನಕ್ಕೆ ಎರಡೇ’, ‘ವೀಕೆಂಡ್ ಮಾತ್ರ’, ‘ಮಿಂಟ್ ಇರೋದು, ಸ್ಟ್ರಾಂಗ್ ಅಲ್ಲ’ ಅನ್ನುವವರು ಬಹಳ. ಎರಡು ಸಿಗರೇಟು ಇಪ್ಪತ್ತಕ್ಕಿಂತ ಕಡಿಮೆ ಕೆಟ್ಟದ್ದು, ನಿಜ. ಅಂಡಾಶಯದ ಮಟ್ಟಿಗೆ ಪ್ರಮಾಣ ಹೆಚ್ಚಿದಷ್ಟೂ ಹಾನಿ ಹೆಚ್ಚು. ಆದರೆ ಹೃದಯದ ಲೆಕ್ಕ ಹಾಗಿಲ್ಲ. ದಿನಕ್ಕೆ ಒಂದೇ ಸೇದಿದರೂ, ಇಪ್ಪತ್ತು ಸೇದುವವರಿಗೆ ಬರುವ ಹೆಚ್ಚುವರಿ ಅಪಾಯದ ಮೂರನೇ ಒಂದರಿಂದ ಅರ್ಧದಷ್ಟು ಬಂದೇಬರುತ್ತದೆ. ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಅಲ್ಲ. ಮಿಂಟ್, ಅಂದರೆ ಮೆಂಥಾಲ್, ಗಂಟಲಿನ ಉರಿ ಮರೆಸುತ್ತದೆ. ಹೊಗೆ ಇನ್ನೂ ಆಳಕ್ಕೆ ಹೋಗುತ್ತದೆ. ಹುಕ್ಕಾ ಇನ್ನೂ ಮೋಸದ್ದು. ಹಣ್ಣಿನ ವಾಸನೆ, ನೀರಿನ ಗುಳುಗುಳು ನೋಡಿ ಸಾಧು ಅಂದುಕೊಳ್ಳುತ್ತಾರೆ. ಒಂದು ಗಂಟೆ ಕೂತರೆ ಒಂದು ಸಿಗರೇಟಿನ ನೂರು ಪಟ್ಟಿಗೂ ಮೀರಿ ಹೊಗೆ ಒಳಗೆ ಹೋಗುತ್ತದೆ. ಜೊತೆಗೆ ಇದ್ದಿಲಿನ ಕಾರ್ಬನ್ ಮೊನಾಕ್ಸೈಡ್. ವೇಪ್, ಅಂದರೆ ಇ-ಸಿಗರೇಟು, ದೇಶದಲ್ಲಿ 2019ರಿಂದ ನಿಷೇಧ. ಆದರೂ ಕೈಯಿಂದ ಕೈಗೆ ಸಿಗುತ್ತದೆ. ಅದರಲ್ಲಿ ಸುಟ್ಟ ಎಲೆಯ ವಿಷ ಕಡಿಮೆ ಇರಬಹುದು, ನಿಕೋಟಿನ್ ಮಾತ್ರ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕಳ್ಳದಾರಿಯಲ್ಲಿ ಬಂದ ಸಾಮಾನಿನಲ್ಲಿ ಎಷ್ಟಿದೆ ಅಂತ ಯಾರೂ ಅಳೆದಿರುವುದಿಲ್ಲ.

ಈಗ ಸೇದದೇ ಇರುವವರ ಕಥೆ. ಮಗು ಆಗಲಿಲ್ಲ ಅಂದರೆ ನಮ್ಮಲ್ಲಿ ಮೊದಲು ಪರೀಕ್ಷೆಗೆ ಹೋಗುವವಳು ಸೊಸೆ. ಗಂಡ ದಿನಕ್ಕೆ ಒಂದು ಪ್ಯಾಕ್ ಮುಗಿಸುತ್ತಿದ್ದರೂ ಅವನನ್ನು ಕೇಳುವುದು ಕೊನೆಗೆ. ಸಿಗರೇಟು ವೀರ್ಯಾಣುವಿನ ಸಂಖ್ಯೆ, ಚಲನೆ, ಡಿಎನ್‌ಎ ಮೂರಕ್ಕೂ ಪೆಟ್ಟು ಕೊಡುತ್ತದೆ. ಜೊತೆಗೆ ಅವನ ಹೊಗೆಯನ್ನು ಎರಡು ಕೋಣೆಯ ಮನೆಯಲ್ಲಿ ಅವಳೂ ಉಸಿರಾಡುತ್ತಾಳೆ. ಪಕ್ಕದವರ ಹೊಗೆಯಿಂದ ಬಸಿರಾಗುವುದಕ್ಕೆ ಬೀಳುವ ಪೆಟ್ಟು, ತಾನೇ ಸೇದಿದರೆ ಬೀಳುವ ಪೆಟ್ಟಿಗಿಂತ ಸ್ವಲ್ಪವೇ ಕಡಿಮೆ. ‘ಹೆಂಗಸರು ಸೇದಬಾರದು’ ಅಂತ ಭಾಷಣ ಮಾಡುವ ಗಂಡಸರು ಬಾಲ್ಕನಿಯಿಂದ ಒಳಬರುವಾಗ ಇದನ್ನು ನೆನೆಸಿಕೊಂಡರೆ ಒಳ್ಳೆಯದು.

ಇನ್ನೊಂದು ಗುಂಪಿನ ಬಗ್ಗೆ ಟೀವಿಯೂ ಮಾತಾಡುವುದಿಲ್ಲ, ಕಾಲೇಜಿನ ಕಾರ್ಯಕ್ರಮವೂ ಮಾತಾಡುವುದಿಲ್ಲ. 2016-17ರ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಶೇ 10.3ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಬಹುಪಾಲು ಅದು ಸಿಗರೇಟಲ್ಲ. ಎಲೆ–ಅಡಿಕೆ ಜೊತೆ ಹಾಕಿಕೊಳ್ಳುವ ಹೊಗೆಸೊಪ್ಪು, ಗುಟ್ಕಾ, ಖೈನಿ. ಕಟ್ಟಡ ಕೆಲಸದವರು, ಬೆಳಗಿನ ಜಾವ ರಸ್ತೆ ಗುಡಿಸುವವರು, ಹಸಿವು ತಡೆಯಲು, ಹಲ್ಲುನೋವಿಗೆ ಅಂತ ಶುರುಮಾಡಿದವರು. ಇವರಲ್ಲಿ ಇಪ್ಪತ್ತರ ಹರೆಯದವರೂ ಇದ್ದಾರೆ. ಬಸಿರಿಯರು ಇದನ್ನು ಬಳಸಿದರೆ ಮಗುವಿನ ತೂಕ ಸರಾಸರಿ 105 ಗ್ರಾಂ ಕಡಿಮೆ ಅಂತ ಮುಂಬೈಯಲ್ಲಿ ನಡೆದ ಅಧ್ಯಯನ 2004ರಲ್ಲಿ ಹೇಳಿತ್ತು. ಇವರನ್ನೂ ಆಸ್ಪತ್ರೆಯಲ್ಲಿ ಯಾರೂ ಬಿಡಿಸಿ ಕೇಳುವುದಿಲ್ಲ. ‘ಸಿಗರೇಟ್ ಸೇದ್ತೀಯಾ?’ ಅಂದರೆ ‘ಅಯ್ಯೋ, ಇಲ್ಲ ಮೇಡಂ’ ಅನ್ನುತ್ತಾರೆ. ಅದು ಸತ್ಯವೇ.

ಸರ್ಕಾರ ಏನೂ ಮಾಡಿಲ್ಲ ಅನ್ನುವಂತಿಲ್ಲ. 2025ರ ಮೇ ಕೊನೆಯಲ್ಲಿ ಪ್ರಕಟವಾದ ರಾಜ್ಯದ ತಿದ್ದುಪಡಿ ಕಾಯ್ದೆ, ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು. ಬಿಡಿ ಸಿಗರೇಟು ಮಾರಾಟ ನಿಷೇಧಿಸಿತು. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿ ಆಯಿತು. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು. ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಬಿಡಿ ಸಿಗರೇಟಿನ ವಿಷಯ. ಯಾಕೆಂದರೆ ಹುಡುಗಿಯರು ಶುರುಮಾಡುವುದು ಬಿಡಿಯಲ್ಲೇ. ಪ್ಯಾಕ್ ಕೊಂಡರೆ ಬ್ಯಾಗಿನಲ್ಲಿ ಇಡಬೇಕು, ಅಮ್ಮನ ಕೈಗೆ ಸಿಗಬಹುದು. ಒಂದು ಕೊಂಡರೆ ಅಲ್ಲೇ ಮುಗಿಯುತ್ತದೆ. ಪ್ಯಾಕಿನ ಮೇಲಿನ ಎಚ್ಚರಿಕೆ ಚಿತ್ರವೂ ಸಹಾಯವಾಣಿ ನಂಬರೂ ಅವಳ ಕಣ್ಣಿಗೆ ಬೀಳುವುದೇ ಇಲ್ಲ. ಗೂಡಂಗಡಿಗಳಲ್ಲಿ ಈ ನಿಯಮ ಕಟ್ಟುನಿಟ್ಟಾಗಿ ನಡೆದರೆ, ಹತ್ತು ಭಾಷಣಕ್ಕಿಂತ ಹೆಚ್ಚು ಕೆಲಸ ಆಗುತ್ತದೆ.

ಬಿಡುವ ವಿಷಯದಲ್ಲೂ ಹೆಣ್ಣಿನ ದೇಹದ ಲೆಕ್ಕ ಬೇರೆ. ಹೆಂಗಸರ ದೇಹ ನಿಕೋಟಿನ್ನನ್ನು ಗಂಡಸರಿಗಿಂತ ಬೇಗ ಕರಗಿಸುತ್ತದೆ. ಈಸ್ಟ್ರೋಜನ್ ಮಾತ್ರೆ ತೆಗೆದುಕೊಳ್ಳುವಾಗ ಇನ್ನೂ ಬೇಗ. ಬಸಿರಿನಲ್ಲಂತೂ ಮತ್ತೂ ಬೇಗ. ಹಾಗಾಗಿ ‘ಇನ್ನೊಂದು ಬೇಕು’ ಅನ್ನುವ ತುಡಿತ ಬೇಗ ಮರಳಿ ಬರುತ್ತದೆ. ಅವಳ ಮನಸ್ಸು ದುರ್ಬಲ ಅಂತಲ್ಲ, ಪಿತ್ತಜನಕಾಂಗ ಚುರುಕು. ಕೆಲವರಿಗೆ ಮುಟ್ಟಿನ ಹಿಂದಿನ ವಾರದಲ್ಲಿ ತುಡಿತ ಜಾಸ್ತಿ. ಹಾಗಿದ್ದವರು ಮುಟ್ಟು ಮುಗಿದ ಮೇಲೆ ಬಿಡುವ ದಿನ ಇಟ್ಟುಕೊಂಡರೆ ಮೊದಲ ವಾರ ಸ್ವಲ್ಪ ಹಗುರ. ‘ಬಿಟ್ಟರೆ ದಪ್ಪ ಆಗ್ತೀನಿ’ ಅನ್ನುವ ಭಯವನ್ನು ಸುಮ್ನೆ ತಳ್ಳಿಹಾಕುವುದೂ ಸರಿಯಲ್ಲ. ಮೊದಲ ವರ್ಷ ಸರಾಸರಿ ನಾಲ್ಕೈದು ಕಿಲೋ ಏರುವುದು ನಿಜ. ಕೆಲವರಿಗೆ ಏರುವುದೇ ಇಲ್ಲ, ಕೆಲವರಿಗೆ ಇನ್ನೂ ಜಾಸ್ತಿ. ಇದು ಮೊದಲೇ ಗೊತ್ತಿದ್ದರೆ ಎರಡನೇ ತಿಂಗಳಲ್ಲಿ ಗಾಬರಿಯಾಗಿ ಮತ್ತೆ ಶುರುಮಾಡುವುದು ತಪ್ಪುತ್ತದೆ.

ಸತ್ತ ಅಂಡಾಣು ಮತ್ತೆ ಬರುವುದಿಲ್ಲ. ಆದರೆ ಬಿಟ್ಟ ಮೇಲೆ ನಷ್ಟದ ವೇಗ ಇಳಿಯುತ್ತದೆ. ರಕ್ತದಿಂದ ಕಾರ್ಬನ್ ಮೊನಾಕ್ಸೈಡ್ ಒಂದೆರಡು ದಿನದಲ್ಲೇ ಹೋಗುತ್ತದೆ. ಅಂಡಾಣು ಬಲಿಯುವ ಕೊನೆಯ ಹಂತಕ್ಕೆ ಸುಮಾರು ಮೂರು ತಿಂಗಳು ಬೇಕು. ಅದಕ್ಕೇ ಐವಿಎಫ್ ಡಾಕ್ಟರುಗಳು ಚಿಕಿತ್ಸೆಗೆ ಕನಿಷ್ಠ ಮೂರು ತಿಂಗಳ ಮೊದಲೇ ಬಿಡಿ ಅನ್ನುವುದು. ಬೇಗ ಬಿಟ್ಟವರಲ್ಲಿ ಬಸಿರಾಗುವ ಸಾಧ್ಯತೆ ಕಾಲಕ್ರಮೇಣ ಸೇದದವರ ಹತ್ತಿರಕ್ಕೆ ಬರುತ್ತದೆ.

ಸಹಾಯ ಬೇಕೆಂದರೆ 1800-11-2356 ಅನ್ನುವ ಉಚಿತ ಸಹಾಯವಾಣಿ ಇದೆ. ಕನ್ನಡದಲ್ಲೂ ಮಾತಾಡುತ್ತಾರೆ. ಬೆಂಗಳೂರಿನವರಿಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ ಇದೆ, ಕಿದ್ವಾಯಿ ಪಕ್ಕದಲ್ಲೇ. ನಿಕೋಟಿನ್ ಗಮ್ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಅದನ್ನು ಬಬಲ್ ಗಮ್ ಥರ ಒಂದೇ ಸಮ ಅಗಿಯಬಾರದು. ನಾಲ್ಕೈದು ಸಲ ಅಗಿದು, ಖಾರ ಅನ್ನಿಸಿದಾಗ ದವಡೆಯ ಪಕ್ಕ ಇಟ್ಟುಕೊಳ್ಳಬೇಕು. ಬಸಿರಿಯರು, ಹೃದಯದ ತೊಂದರೆ ಇರುವವರು ತಾವಾಗಿಯೇ ಶುರುಮಾಡದೆ ಡಾಕ್ಟರನ್ನು ಕೇಳಬೇಕು. ಕೇಳುವಾಗ ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಜೊತೆಗೆ ಯಾವ ಮಾತ್ರೆ ಅನ್ನುವ ಮೂರನ್ನೂ ಹೇಳಿ. ಮಾತ್ರೆಯ ಹೆಸರು ನೆನಪಿಲ್ಲದಿದ್ದರೆ ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋಗಿ.